ರೇಸ್ ಬೈಕಿನ ಮುಂದಿನ ಫೋರ್ಕು: ‘ಗಟ್ಟಿ’ ಎಂಬ ಒಂದು ಪದ ಸಾಕೇ?

ಮಾನ್ಯರೇ,

ರೇಸಿಗೆ ಇಳಿಸುವ ಬೈಕಿನ ಮುಂದಿನ ಫೋರ್ಕಿನಲ್ಲಿ (ಮುಂಚಕ್ರವನ್ನು ಹಿಡಿದು ಹೊಂಡದ ಪೆಟ್ಟನ್ನು ತಾಳುವ, ಒಳಗೆ ಸ್ಪ್ರಿಂಗೂ ಆಯಿಲೂ ಇರುವ ಎರಡು ಕಾಲುಗಳು) ಏನನ್ನು ಮೊದಲು ಬದಲಿಸಬೇಕು, ಯಾವುದಕ್ಕೆ ಸದ್ಯ ದುಡ್ಡು ಹಾಕಬೇಕಾಗಿಲ್ಲ ಎಂಬುದನ್ನು ನಮ್ಮ ಕರಾವಳಿಯ ಸವಾರರಿಗೂ ಮೆಕ್ಯಾನಿಕ್‌ಗಳಿಗೂ ತಿಳಿಯುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಬರಹಕ್ಕೆ ಬೇಕಾದ ಕೆಲವು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಕೇಳುವುದಕ್ಕಾಗಿ ಈ ಪತ್ರ.

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಗ್ಯಾರೇಜಿನಲ್ಲಿ ಫೋರ್ಕಿನ ಕುರಿತು ಕೇಳಿಬರುವ ಮಾತು ಸಾಮಾನ್ಯವಾಗಿ ಎರಡೇ: ‘ಮುಂದೆ ಮೆದು ಉಂಟು’, ‘ಸ್ವಲ್ಪ ಗಟ್ಟಿ ಮಾಡಿ ಕೊಡಿ’. ಮಾತು ತುಳುವಿನಲ್ಲಿ ನಡೆದರೂ ‘ಗಟ್ಟಿ’ ಗಟ್ಟಿಯಾಗಿಯೇ ಉಳಿಯುತ್ತದೆ. (ಹಲಸಿನ ಹಣ್ಣಿನ ಗಟ್ಟಿ ಎಂಬ ತಿಂಡಿಯನ್ನೂ ಸೇರಿಸಿಕೊಂಡರೆ ನಮ್ಮೂರಲ್ಲಿ ಈ ಪದದ ಹೆಗಲಿಗೆ ಮೊದಲೇ ಭಾರ ಹೆಚ್ಚು.) ಆದರೆ ಫೋರ್ಕಿನ ಒಳಗೆ ‘ಗಟ್ಟಿ ಮಾಡುವುದು’ ಎಂದರೆ ಸ್ಪ್ರಿಂಗಿನ ರೇಟ್ (ಅದನ್ನು ಒಂದು ಮಿಲಿಮೀಟರ್ ಒತ್ತಲು ಬೇಕಾಗುವ ಬಲ) ಹೆಚ್ಚಿಸುವುದೂ ಆಗಬಹುದು, ಪ್ರೀಲೋಡ್ ಕೊಡುವುದೂ (ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡುವುದು) ಆಗಬಹುದು, ಡ್ಯಾಂಪಿಂಗ್ (ಫೋರ್ಕಿನ ಚಲನೆಗೆ ಆಯಿಲ್ ಒಡ್ಡುವ ತಡೆ) ಹೆಚ್ಚಿಸುವುದೂ ಆಗಬಹುದು. ಈ ಮೂರು ಬೇರೆ ಬೇರೆ ಕೆಲಸಗಳು. ಬೇಕಾಗುವ ಸಾಮಾನೂ ಬೇರೆ, ತಗಲುವ ಖರ್ಚೂ ಬೇರೆ.

ಫೋರ್ಕಿನ ಮುಚ್ಚಳ ಬಿಚ್ಚಿ, ಸ್ಪ್ರಿಂಗಿನ ಮೇಲೆ ನಾಲ್ಕೈದು ವಾಷರ್‌ಗಳನ್ನೋ ಪೈಪಿನ ಒಂದು ತುಂಡನ್ನೋ ಇಟ್ಟು, ಅಂಗೈಯಿಂದ ಒತ್ತಿ ಹಿಡಿದು ಮತ್ತೆ ತಿರುಪುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಬೈಕಿನ ಮುಂಭಾಗ ಎತ್ತರವಾಗುತ್ತದೆ, ನಿಂತಲ್ಲೇ ಹ್ಯಾಂಡಲ್ ಅದುಮಿ ನೋಡಿದರೆ ಗಟ್ಟಿಯಾದಂತೆ ತೋರುತ್ತದೆ, ಗಿರಾಕಿ ಸಮಾಧಾನದಿಂದ ಹೋಗುತ್ತಾನೆ. ವಾಸ್ತವದಲ್ಲಿ ಸ್ಪ್ರಿಂಗು ಕಿಂಚಿತ್ತೂ ಗಟ್ಟಿಯಾಗಿಲ್ಲ. ಉದಾಹರಣೆಗೆ, ಒಂದೊಂದು ಕಾಲಿನಲ್ಲೂ ಮಿಲಿಮೀಟರಿಗೆ 8 ನ್ಯೂಟನ್ ರೇಟಿನ ಸ್ಪ್ರಿಂಗ್ ಇದ್ದರೆ, ಎರಡೂ ಕಾಲು ಸೇರಿ ಫೋರ್ಕು ಒಂದು ಮಿಲಿಮೀಟರ್ ಕೆಳಗಿಳಿಯಲು 16 ನ್ಯೂಟನ್ ಬಲ ಬೇಕು. 10 ಮಿಲಿಮೀಟರ್ ದಪ್ಪದ ವಾಷರ್‌ಗಳನ್ನು ಸೇರಿಸಿದ ಬಳಿಕ, ಸವಾರ ಕುಳಿತಾಗ ಮುಂಭಾಗ ಮೊದಲಿಗಿಂತ ಹೆಚ್ಚುಕಡಿಮೆ 10 ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಮತ್ತೊಂದು ಮಿಲಿಮೀಟರ್ ಇಳಿಯಲು ಬೇಕಾಗುವುದು ಮಾತ್ರ ಅದೇ 16 ನ್ಯೂಟನ್. ಅದು ಹೆಚ್ಚಾಗಬೇಕಾದರೆ ಎಂಟೂವರೆಯದೋ ಒಂಬತ್ತರದೋ ಬೇರೆ ಸ್ಪ್ರಿಂಗನ್ನೇ ತರಬೇಕು.

ಹಾಗಾಗಿ ಸ್ಪ್ರಿಂಗಿನ ಗುಣಕ್ಕೆ ‘ಬಿರುಸು’ ಎಂದೂ, ಪ್ರೀಲೋಡಿಗೆ ‘ಮುಂಬಿಗಿ’ ಎಂದೂ ಬರೆದುಕೊಂಡಿದ್ದೇನೆ. ಶಾಲೆಯ ಭೌತಶಾಸ್ತ್ರದ ‘ಸ್ಪ್ರಿಂಗ್ ಸ್ಥಿರಾಂಕ’ ತಪ್ಪಲ್ಲವಾದರೂ, ‘ಇನ್ನೂ ಸ್ವಲ್ಪ ಬಿರುಸಿನ ಸ್ಪ್ರಿಂಗ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳುವ ಸಲೀಸು ಅದಕ್ಕಿಲ್ಲ. ‘ಮುಂಬಿಗಿ’ ನಾನು ಕಟ್ಟಿಕೊಂಡ ಪದ. ಕೃತಕವೆನಿಸಿದರೆ ದಯವಿಟ್ಟು ಹೇಳಿ.

ಸವಾರನ ಭಾರಕ್ಕೆ ಫೋರ್ಕು ಎಷ್ಟು ಇಳಿಯುತ್ತದೆ ಎಂಬ ಅಳತೆಗೆ, ಅಂದರೆ ಸ್ಯಾಗ್‌ಗೆ, ಪದ ಬೇಕು. ಫೋರ್ಕಿನ ಕೊಳವೆಗೆ ಒಂದು ಕೇಬಲ್ ಟೈ ಕಟ್ಟಿ, ರೇಸಿನ ಉಡುಪು, ಹೆಲ್ಮೆಟ್ ಸಮೇತ ಸವಾರನನ್ನು ಕೂರಿಸಿ, ಅವನು ಮೆಲ್ಲನೆ ಇಳಿದ ಮೇಲೆ ಟೈ ಎಲ್ಲಿಗೆ ಸರಿದಿದೆ ಎಂದು ನೋಡಿದರೆ ಆಯಿತು. ಡಾಂಬರು ಟ್ರ್ಯಾಕಿನ ಬೈಕುಗಳಲ್ಲಿ ಅದನ್ನು 30 ಮಿಲಿಮೀಟರಿನ ಆಚೀಚೆ ಇಟ್ಟುಕೊಳ್ಳುವುದು ರೂಢಿ. ಸವಾರ ಕುಳಿತಾಗ ಈ ಅಳತೆ ಸರಿಯಾಗಿದ್ದು, ಬೈಕು ತನ್ನ ಭಾರಕ್ಕೇ ನಿಂತಾಗ ಫೋರ್ಕು ಇಳಿಯುವುದೇ ಇಲ್ಲವೆಂದಾದರೆ, ಮೆದು ಸ್ಪ್ರಿಂಗಿಗೆ ಮುಂಬಿಗಿಯನ್ನು ತುರುಕಲಾಗಿದೆ ಎಂದೇ ಅರ್ಥ. ಹಣ ಖರ್ಚು ಮಾಡುವ ಮೊದಲು ಈ ಒಂದು ಅಳತೆಯನ್ನಾದರೂ ತೆಗೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ನನಗೆ ಹೊಳೆದ ಪದ ‘ಜಗ್ಗು’. ಹಗ್ಗದ ಮಂಚ ಭಾರಕ್ಕೆ ಜಗ್ಗುತ್ತದೆ ಎನ್ನುತ್ತೇವಲ್ಲ, ಅದೇ ಅರ್ಥ. ಆದರೆ ಧಾರವಾಡದ ಕಡೆ ಜಗ್ಗುವುದೆಂದರೆ ಎಳೆಯುವುದು. ಫೋರ್ಕನ್ನು ಎಳೆದರೆ ಅದು ಉದ್ದವಾಗುತ್ತದೆಯೇ ಹೊರತು ಇಳಿಯುವುದಿಲ್ಲ, ಅರ್ಥ ನೇರ ತಿರುಗುಮುರುಗಾಗುತ್ತದೆ. ಇನ್ನೊಂದು ಆಯ್ಕೆ ‘ಇಳಿತ’. ಸಮುದ್ರದ ದಂಡೆಯವರ ಕಿವಿಗೆ ಅದು ಉಬ್ಬರದ ಜೊತೆಗಾರನಂತೆ ಕೇಳಿಸುತ್ತದಾದರೂ ಅದರಿಂದ ತೊಂದರೆಯೇನಿಲ್ಲ.

ಡ್ಯಾಂಪಿಂಗಿನ ವಿಷಯ ಹೆಚ್ಚು ಜಟಿಲ. ‘ಅವಮಂದನ’ ಎಂದು ಬರೆದರೆ ಓದುವವನು ಅಲ್ಲಿಗೇ ನಿಲ್ಲುತ್ತಾನೆ. ‘ಅಂಕೆ’ ಎನ್ನೋಣವೆಂದರೆ, ಸಂಖ್ಯೆಗಳೇ ತುಂಬಿರುವ ಬರಹದಲ್ಲಿ ಗೊಂದಲ ಖಂಡಿತ. ಸದ್ಯಕ್ಕೆ ‘ತಡೆ’ ಎಂದಿಟ್ಟುಕೊಂಡಿದ್ದೇನೆ. ಕಂಪ್ರೆಷನ್ (ಫೋರ್ಕು ಒತ್ತಿಕೊಂಡು ಇಳಿಯುವುದು), ರಿಬೌಂಡ್ (ಮತ್ತೆ ಮೇಲೇಳುವುದು) ಎಂಬ ಎರಡು ದಿಕ್ಕುಗಳಿಗೆ ಗ್ಯಾರೇಜಿನವರ ಬಾಯಲ್ಲೇ ಒಳ್ಳೆಯ ಕ್ರಿಯಾಪದಗಳಿವೆ: ‘ಬ್ರೇಕ್ ಹಿಡಿದ್ರೆ ಮುಂದೆ ಕೂರ್ತದೆ ಮಾರಾಯ್ರೆ’, ‘ಹೊಂಡ ದಾಟಿದ್ಮೇಲೆ ಬೇಗ ಏಳುದಿಲ್ಲ’. ಹೀಗಿರುವಾಗ ‘ಕೂರುವ ತಡೆ’, ‘ಏಳುವ ತಡೆ’ ಎನ್ನುವುದಕ್ಕಿಂತ ಚೆನ್ನಾದ ಪದಗಳನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ ಎನಿಸುತ್ತದೆ. ಏಳುವ ತಡೆ ಅತಿಯಾದರೆ ಫೋರ್ಕು ಒಂದು ಹೊಂಡದಿಂದ ಪೂರ್ತಿ ಏಳುವುದರೊಳಗೆ ಮುಂದಿನದ್ದು ಬಂದು, ಪ್ರತಿ ಸಲವೂ ಇನ್ನಷ್ಟು ಕೆಳಗೆ ಉಳಿಯುತ್ತ ಕೊನೆಗೆ ಕಲ್ಲಿನಂತಾಗುತ್ತದೆ. ಸವಾರ ಅದನ್ನೂ ‘ಗಟ್ಟಿ’ ಎಂದೇ ದೂರುತ್ತಾನೆ. ಅಲ್ಲಿ ಬೇಕಾಗಿರುವುದು ಏಳುವ ತಡೆಯನ್ನು ಕಡಿಮೆ ಮಾಡುವುದು, ಮೆದು ಸ್ಪ್ರಿಂಗ್ ಹಾಕುವುದಲ್ಲ.

ಪದದ ಕೊರತೆಯಿಂದ ಹಣ ಪೋಲಾಗುವುದು ಹೆಚ್ಚಾಗಿ ಇಲ್ಲಿಯೇ. ಹಳೆಯ ಬೈಕುಗಳಲ್ಲೂ ಅಗ್ಗದ ಬೈಕುಗಳಲ್ಲೂ ಇರುವ ಡ್ಯಾಂಪಿಂಗ್ ರಾಡಿನ ಫೋರ್ಕಿನಲ್ಲಿ ಆಯಿಲ್ ಅಳತೆ ಬದಲಾಗದ ತೂತುಗಳ ಮೂಲಕ ಹರಿಯಬೇಕು. ವೇಗ ಇಮ್ಮಡಿಯಾದರೆ ತಡೆ ಸರಿಸುಮಾರು ನಾಲ್ಮಡಿಯಾಗುತ್ತದೆ. ಆದ್ದರಿಂದ ಅದೇ ಫೋರ್ಕು ಬ್ರೇಕ್ ಹಿಡಿದಾಗ ಸರಸರನೆ ಕೂರುತ್ತದೆ, ಚೂಪಾದ ಹೊಂಡಕ್ಕೆ ಬಿದ್ದಾಗ ಮಣಿಯದೆ ಅಂಗೈಗೆ ಬಡಿಯುತ್ತದೆ. ‘ಮೆದುವೂ ಉಂಟು, ಗಟ್ಟಿಯೂ ಉಂಟು’ ಎಂದು ಸವಾರ ಹೇಳಿದರೆ ಕೇಳುವವನಿಗೆ ಅದು ತಲೆಬುಡವಿಲ್ಲದ ಮಾತು. ಅವನು ದಪ್ಪ ಆಯಿಲ್ ಹಾಕಿ ಕಳಿಸುತ್ತಾನೆ. ಆಗ ಬ್ರೇಕಿನ ತೊಂದರೆ ಅಷ್ಟಿಷ್ಟು ತಗ್ಗಿ ಹೊಂಡದ ಬಡಿತ ಮತ್ತಷ್ಟು ಹೆಚ್ಚುತ್ತದೆ. ಇಂಥ ಫೋರ್ಕಿಗೆ ಸರಿಯಾದ ಮದ್ದು ಎಮ್ಯುಲೇಟರ್: ರಾಡಿನ ತೂತುಗಳನ್ನು ದೊಡ್ಡದು ಮಾಡಿ, ಅದರ ತಲೆಯ ಮೇಲೆ ಕೂರಿಸುವ ಚಿಕ್ಕ ಕವಾಟ. ನಿಧಾನವಾಗಿ ಕೂರುವಾಗ ಅದು ಮುಚ್ಚಿಕೊಂಡಿದ್ದು ಕಿರುತೂತಿನಿಂದ ಮಾತ್ರ ಆಯಿಲ್ ಬಿಡುತ್ತದೆ, ಒಮ್ಮೆಲೇ ಒತ್ತಡ ಏರಿದಾಗ ಅದರ ಪುಟ್ಟ ಸ್ಪ್ರಿಂಗ್ ಸೋತು ಬಾಯಿ ತೆರೆಯುತ್ತದೆ. ಏಳುವ ತಡೆ ಮಾತ್ರ ಆಗಲೂ ಆಯಿಲಿನ ದಪ್ಪದ ಮೇಲೆಯೇ ನಿಂತಿರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಹದಗೊಳಿಸಬೇಕೆಂದರೆ ಕಾರ್ಟ್ರಿಡ್ಜ್ ಕಿಟ್ಟೇ (ರಾಡಿನ ಬದಲು ಫೋರ್ಕಿನೊಳಗೆ ಕೂರಿಸುವ, ತನ್ನದೇ ಕವಾಟಗಳಿರುವ ಜೋಡಣೆ) ಬೇಕು, ಅದರ ಬೆಲೆಯೂ ಅದಕ್ಕೆ ತಕ್ಕಂತೆ.

ದುಬಾರಿ ಫೋರ್ಕುಗಳಲ್ಲಿ ಕೂರುವ ತಡೆಗೇ ಎರಡು ತಿರುಪುಗಳಿರುತ್ತವೆ, ಹೈ ಸ್ಪೀಡ್ ಮತ್ತು ಲೋ ಸ್ಪೀಡ್ ಎಂದು. ಇದನ್ನು ‘ಹೆಚ್ಚು ವೇಗ’, ‘ಕಡಿಮೆ ವೇಗ’ ಎಂದು ಬರೆದರೆ ಓದುಗರು ಬೈಕಿನ ವೇಗವೆಂದೇ ತಿಳಿಯುತ್ತಾರೆ. ಇಲ್ಲಿರುವುದು ಫೋರ್ಕು ಕೂರುವ ವೇಗ. ನೂರರ ಮೇಲೆ ಓಡುತ್ತಿರುವಾಗ ನಯವಾಗಿ ಬ್ರೇಕ್ ಹಿಡಿದರೂ ಫೋರ್ಕಿನ ಮಟ್ಟಿಗೆ ಅದು ನಿಧಾನವೇ. ‘ರಭಸದ ಕೂರಿಕೆ’, ‘ನಿಧಾನದ ಕೂರಿಕೆ’ ಎಂದರೆ ಈ ತಪ್ಪು ಕಲ್ಪನೆ ಬಾರದು ಎಂದು ನನ್ನ ಎಣಿಕೆ.

ತಿರುಪುಗಳನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಬಿಚ್ಚುತ್ತ ಬಂದ ಕ್ಲಿಕ್‌ಗಳನ್ನು ಎಣಿಸುವುದು ರೂಢಿಯಾದ್ದರಿಂದ ಸಂಖ್ಯೆ ಹೆಚ್ಚಿದಷ್ಟೂ ತಡೆ ಕಡಿಮೆ. ಆದ್ದರಿಂದ ‘ಎರಡು ಕ್ಲಿಕ್ ಹೆಚ್ಚಿಸಿ’ ಎಂದು ಎಲ್ಲಿಯೂ ಬರೆಯದೆ ‘ಮುಚ್ಚಿ’, ‘ಬಿಚ್ಚಿ’ ಎಂದೇ ಬರೆದಿದ್ದೇನೆ. 2021ರಲ್ಲಿ ಟಿವಿಎಸ್ ಅಪಾಚೆ ಆರ್‌ಆರ್ 310 ಬೈಕಿಗೆ, ಪ್ರೀಲೋಡ್, ಕಂಪ್ರೆಷನ್, ರಿಬೌಂಡ್ ಮೂರನ್ನೂ ಹೊಂದಿಸಬಲ್ಲ ಫೋರ್ಕನ್ನು ಡೈನಮಿಕ್ ಕಿಟ್ ಎಂಬ ಹೆಸರಿನಲ್ಲಿ ಕೊಡಲಾರಂಭಿಸಿದ ಬಳಿಕ ಈ ತಿರುಪುಗಳು ನಮ್ಮ ಹುಡುಗರ ಕೈಗೂ ಬಂದಿವೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕಿನಿಂದ ಮಂಗಳೂರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿ ‘ಗಟ್ಟಿ ಆಗ್ತಾ ಉಂಟು, ಏನು ಮಾಡುದು?’ ಎಂದು ಕೇಳಿದರೆ ಆ ಕಡೆಯಿಂದ ಸರಿಯಾದ ಉತ್ತರ ಬರುವುದಾದರೂ ಹೇಗೆ?

ಸಾಮಾನುಗಳ ಹೆಸರನ್ನು ಮುಟ್ಟಲು ಹೋಗಿಲ್ಲ. ಫೋರ್ಕು, ಆಯಿಲ್ ಸೀಲ್, ಕಾರ್ಟ್ರಿಡ್ಜ್, ಯುಎಸ್‌ಡಿ (ಅಪ್‌ಸೈಡ್ ಡೌನ್, ದಪ್ಪ ಕೊಳವೆ ಮೇಲಿರುವ ಫೋರ್ಕು) ಎಲ್ಲವೂ ಅಂಗಡಿಯ ಬಿಲ್ಲಿನಲ್ಲಿರುವಂತೆಯೇ ಇರಲಿ; ‘ತಲೆಕೆಳಗಾದ ಫೋರ್ಕು’ ಎಂದರೆ ಓದುಗರು ಅಪಘಾತವೆಂದುಕೊಂಡಾರು.

ಇನ್ನುಳಿದದ್ದು ಒಂದು ಪದ. ಉಪ್ಪುಗಾಳಿಗೂ ಮಳೆಗೂ ಫೋರ್ಕಿನ ಕೊಳವೆಯ ಮೇಲೆ ತುಕ್ಕಿನ ಚುಕ್ಕೆಗಳೆದ್ದು, ಸೀಲಿಗೆ ತಾಗಿ, ಫೋರ್ಕು ಸಲೀಸಾಗಿ ಜಾರದೆ ತಡೆತಡೆದು ಇಳಿಯುತ್ತದೆ. ಇದಕ್ಕೆ ಇಲ್ಲಿಯವರು ‘ಹಿಡೀತದೆ’ ಎನ್ನುತ್ತಾರೆ. ಆದರೆ ಟೈರಿನ ‘ಹಿಡಿತ’ ಅದೇ ಬರಹದಲ್ಲಿ ಒಳ್ಳೆಯ ಗುಣವಾಗಿ ಬರುವುದರಿಂದ ಅದನ್ನು ಬಳಸಲಾರೆ. ‘ಕಚ್ಚುವಿಕೆ’ ಎಂದರೆ ತಿಳಿದೀತೇ? ಲಾರಿಯ ಕಮಾನು ಪಟ್ಟಿಯ ಕೆಲಸ ಬಲ್ಲವರಲ್ಲಾಗಲಿ, ಪಂಪು ರಿಪೇರಿ ಮಾಡುವವರಲ್ಲಾಗಲಿ ಇದಕ್ಕೆ ಬೇರೆ ಮಾತು ರೂಢಿಯಲ್ಲಿದ್ದರೆ ತಿಳಿಸಿ. ಹಾಗೆಯೇ, ‘ಜಗ್ಗು’ ಎಂಬುದನ್ನು ಭಾರಕ್ಕೆ ಇಳಿಯುವ ಅರ್ಥದಲ್ಲಿ ಹುಬ್ಬಳ್ಳಿ-ಧಾರವಾಡದ ಕಡೆಯೂ ಬಳಸುವುದುಂಟೇ ಎಂಬುದನ್ನು ಅಲ್ಲಿಯವರು ಖಚಿತಪಡಿಸಿದರೆ, ‘ಇಳಿತ’ವನ್ನು ಕೈಬಿಟ್ಟು ಅದನ್ನೇ ಇಟ್ಟುಕೊಳ್ಳುತ್ತೇನೆ.