ಸಹಾಯ ಬೇಕು: ಗ್ರಾಫಿಕ್ಸ್ ಕಾರ್ಡ್ 3060 ತಗೊಳ್ಳಲಾ, 4060 ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಹಳೆಯ 1050 ಟಿಐ ಗ್ರಾಫಿಕ್ಸ್ ಕಾರ್ಡ್, 4 ಜಿಬಿ ಮೆಮೊರಿಯದು. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಒಂದು ಹೆಂಚಿನ ಮನೆ, ಅದರ ಹಿಂದೆ ಅಡಿಕೆ ತೋಟ ಮಾಡಿದ್ದೇನೆ. ಮರ ಜಾಸ್ತಿಯಾದ ಕೂಡಲೇ 'ಔಟ್ ಆಫ್ ಮೆಮೊರಿ' ಎಂದು ರೆಂಡರ್ (ಸೀನನ್ನು ಚಿತ್ರವಾಗಿ ತಯಾರಿಸುವ ಕೆಲಸ) ನಿಂತುಬಿಡುತ್ತದೆ.

ಈಗ ಆರ್‌ಟಿಎಕ್ಸ್ 3060 ತಗೊಳ್ಳುವುದೋ 4060 ತಗೊಳ್ಳುವುದೋ ಅಂತ ತಲೆ ಕೆಟ್ಟಿದೆ. 3060ರಲ್ಲಿ 12 ಜಿಬಿ ಮೆಮೊರಿ, 192 ಬಿಟ್ ಬಸ್ (ಮೆಮೊರಿಗೆ ಡೇಟಾ ಹೋಗಿಬರುವ ದಾರಿಯ ಅಗಲ) ಇದೆ, ಆದರೆ 170 ವಾಟ್ ಕುಡಿಯುತ್ತದೆ. 4060ಕ್ಕೆ ವೇಗ ಜಾಸ್ತಿ, 115 ವಾಟ್ ಸಾಕು. ಮೆಮೊರಿ ಮಾತ್ರ 8 ಜಿಬಿ! ಹೊಸದರಲ್ಲಿ ಕಡಿಮೆ ಕೊಡುವುದು ಯಾವ ನ್ಯಾಯ, ಅಲ್ವಾ?

ನನ್ನ ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಸ್ಲಾಟ್ ಹಳೆಯ ಪಿಸಿಐಇ 3.0. 4060 ಆ ಸ್ಲಾಟಿನ ಎಂಟೇ ಲೇನ್ (ಡೇಟಾ ಹೋಗುವ ದಾರಿ) ಬಳಸುತ್ತದೆ, ಅದರಿಂದ ರೆಂಡರ್‌ಗೆ ಹೊಡೆತ ಬೀಳುತ್ತದಾ? ಗೇಮ್ ಆಡುವುದು ಭಾನುವಾರ ಮಾತ್ರ, ಸುಮ್ನೆ ಗೇಮಿನಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ ಬೇಡ. ಎರಡನ್ನೂ ಬಳಸಿದವರು ಒಂದೇ ಸೀನಿಗೆ ಎಷ್ಟು ನಿಮಿಷ ಹಿಡಿಯಿತು ಅಂತ ಹೇಳಿ.