ಅಜ್ಜಿಯ ಮುಖ ಬೂದಿ ಬಳಿದಂತೆ ಕಾಣುತ್ತಿದೆ, ಏನು ಮಾಡಲಿ?

ಯಾದಗಿರಿಯಿಂದ ಬಂದ ಪ್ರಶ್ನೆ:
ಅಂಗಳದಲ್ಲಿ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿರುವ ನಮ್ಮ ಅಜ್ಜಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಕ್ರಿಟಾ ಎಂಬ ತಂತ್ರಾಂಶದಲ್ಲಿ ಕಪ್ಪು-ಬಿಳುಪಿನಲ್ಲಿ ಬಿಡಿಸಿದ್ದೇನೆ. ಅಲ್ಲಿಯವರೆಗೆ ಎಲ್ಲರೂ ಮೆಚ್ಚಿದರು. ಮೇಲೊಂದು ಲೇಯರ್ (ಪದರ) ಹಾಕಿ ‘ಕಲರ್’ ಮೋಡ್‌ನಲ್ಲಿ ಬಣ್ಣ ಹಚ್ಚಿದ್ದೇ ತಡ, ಮುಖಕ್ಕೆ ಬೂದಿ ಬಳಿದಂತಾಯಿತು, ಹಳದಿ ಸೀರೆಯನ್ನು ಕೆಸರಿನಲ್ಲಿ ಅದ್ದಿ ತೆಗೆದಂತಾಯಿತು. ಬಣ್ಣ ಬದಲಿಸುವುದರಲ್ಲಿಯೇ ಮೂರು ಸಂಜೆ ಕಳೆದವು. ಈ ಕೆಲಸ ಮಾಡಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಕಲಬುರಗಿಯಿಂದ, ಹಿಂದೆ ಅಂಗಡಿ ಫಲಕ ಬರೆಯುತ್ತಿದ್ದವರು:
ತಂಗಿ, ತಪ್ಪು ನಿನ್ನ ಬಣ್ಣದ್ದಲ್ಲ, ಅದರ ಕೆಳಗಿರುವ ಬೂದಿನದು. ಫ್ಲೆಕ್ಸ್ ಬಂದು ಫಲಕದ ಕೆಲಸ ಕಡಿಮೆಯಾದ ಮೇಲೆ ನಾನು ಟ್ಯಾಬ್ಲೆಟ್ ಹಿಡಿದವನು. ಮೊದಲ ವರ್ಷವೆಲ್ಲ ಇದೇ ಕೆಸರು ತುಳಿದಿದ್ದೇನೆ. ‘ಕಲರ್’ ಮೋಡ್ ಮೇಲಿನ ಲೇಯರ್‌ನಿಂದ ಬಣ್ಣ ಯಾವುದು, ಎಷ್ಟು ತೀವ್ರ ಎಂಬುದನ್ನಷ್ಟೇ ತೆಗೆದುಕೊಳ್ಳುತ್ತದೆ. ಬೆಳಕು ಎಷ್ಟು ಎಂಬುದನ್ನು ಕೆಳಗಿನ ಬೂದು ಹೇಳುತ್ತದೆ. ಪರದೆಯ ಮೇಲಿನ ಶುದ್ಧ ಹಳದಿಯ ಬೆಳಕು ಬಿಳಿಯ ಬೆಳಕಿನ ಸುಮಾರು ಶೇ. 93, ಶುದ್ಧ ನೀಲಿಯದು ಸುಮಾರು ಶೇ. 7 ಮಾತ್ರ. ಸೀರೆಗೂ ಮುಖಕ್ಕೂ ಒಂದೇ ನಡುಬೂದು ಹಚ್ಚಿ, ಆಮೇಲೆ ಸೀರೆ ಹಳದಿಯಾಗಲಿ ಎಂದರೆ ಅದು ಎಲ್ಲಿಂದ ಆಗಬೇಕು? ಪಾಚಿಯ ಬಣ್ಣವೇ ಬರುತ್ತದೆ.

ಒಂದು ಪರೀಕ್ಷೆ ಮಾಡು. ನಿನಗೆ ಬೇಕಾದ ಹಳದಿಯನ್ನು ಬೇರೆ ಹಾಳೆಯಲ್ಲಿ ಹಚ್ಚಿ, ಅದರ ಬಣ್ಣವನ್ನೆಲ್ಲ ತೆಗೆದು ನೋಡು. ಉಳಿಯುವುದು ಬಹಳ ತಿಳಿಯಾದ ಬೂದು. ನಿನ್ನ ಚಿತ್ರದಲ್ಲಿ ಸೀರೆಯ ಬಿಸಿಲು ಬಿದ್ದ ಭಾಗ ಅಷ್ಟೇ ತಿಳಿಯಾಗಿರಬೇಕು. ಇಲ್ಲದಿದ್ದರೆ ಮೊದಲು ಬೂದನ್ನೇ ತಿದ್ದಬೇಕು. ಇದು ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಇನ್ನು ಮುಖ. ಇಡೀ ಮುಖಕ್ಕೆ ಒಂದೇ ಕಂದು ಹಚ್ಚಿರುತ್ತೀಯ, ಅದಕ್ಕೇ ಬೂದಿಯ ಕಳೆ. ಕೆನ್ನೆ, ಮೂಗಿನ ತುದಿ, ಕಿವಿ ಹಣೆಗಿಂತ ಕೆಂಪಗಿರುತ್ತವೆ. ನೆರಳು ಎಂದರೆ ಅದೇ ಕಂದಿಗೆ ಕಪ್ಪು ಬೆರೆಸಿದ್ದಲ್ಲ. ಬಯಲಿನಲ್ಲಿ ಬಿಸಿಲು ಬೆಚ್ಚಗಿನ ಬಣ್ಣದ್ದಾದರೆ, ಆಕಾಶ ನೋಡುವ ನೆರಳಿಗೆ ತುಸು ನೀಲಿ ಇಳಿಯುತ್ತದೆ. ನಮ್ಮ ಕಡೆಯ ಅಂಗಳವೆಂದ ಮೇಲೆ ಶಹಾಬಾದ್ ಕಲ್ಲಿನ ನೆಲವೇ ಇರಬೇಕು. ಮಧ್ಯಾಹ್ನ ಅದು ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಎಸೆಯುತ್ತದೆ. ಮಡಿಲಲ್ಲಿ ಮೊರದ ತುಂಬ ಬೇಳೆ ಬೇರೆ. ಆ ಹಳದಿ ಅಜ್ಜಿಯ ಗಲ್ಲದ ಕೆಳಗೆ ಕಾಣಲೇಬೇಕು. ನಾನಾದರೆ ಇಡೀ ಚಿತ್ರದಲ್ಲಿ ಅದೊಂದು ಜಾಗಕ್ಕೆ ಒಂದು ಸಂಜೆ ಕೊಡುತ್ತೇನೆ.

ಕೊನೆಗೆ, ಹಚ್ಚಿದ ಬಣ್ಣ ಹಚ್ಚಿದಂತೆಯೇ ಕಾಣುವ ‘ನಾರ್ಮಲ್’ ಮೋಡ್‌ನಲ್ಲಿ ಹೊಸ ಲೇಯರ್ ಸೇರಿಸಿ ಮೇಲಿನಿಂದ ನೇರವಾಗಿಯೇ ಬಣ್ಣ ಹಚ್ಚು. ಮೋಡ್‌ಗಳನ್ನೇ ನಂಬಿ ಮುಗಿಸಿದ ಚಿತ್ರ ಹಳೆಯ ಕಪ್ಪು-ಬಿಳುಪು ಫೋಟೊಕ್ಕೆ ಬಣ್ಣ ಬಳಿದಂತೆಯೇ ಕಾಣುತ್ತದೆ.

ಬೀದರ್‌ನಿಂದ:
ಮೇಲಿನವರ ಮಾತು ಸರಿ. ಆದರೆ ನಾನು ಬಣ್ಣ ಹಚ್ಚುವ ಮೊದಲು, ಬೂದಿನ ಒಂದೊಂದು ಮಟ್ಟಕ್ಕೆ ಒಂದೊಂದು ಬಣ್ಣ ಕೊಡುವ ‘ಗ್ರೇಡಿಯಂಟ್ ಮ್ಯಾಪ್’ ಹಾಕುತ್ತೇನೆ. ಗಾಢ ಭಾಗಕ್ಕೆ ಕೆಂಪು ಮಿಶ್ರಿತ ಕಂದು, ನಡುವಿಗೆ ಇಟ್ಟಿಗೆಯ ಬಣ್ಣ, ಬೆಳಕಿಗೆ ಕೆನೆ. ಆಗ ಎಲ್ಲಿಯೂ ಬರಿಯ ಬೂದು ಉಳಿಯುವುದಿಲ್ಲ. ಹಿಂದಿನ ತೈಲಚಿತ್ರಕಾರರು ಬೂದು ತಳ ಹಾಕುವ ಕ್ರಮಕ್ಕೆ ಗ್ರಿಸಾಯ್ ಎಂಬ ಹೆಸರಿದೆ. ಮೈಬಣ್ಣದ ಕೆಳಗೆ ಹಸಿರು ಛಾಯೆ ಹಾಕುವ ಕ್ರಮವೂ ಇತ್ತು.

ಎಲ್ಲಕ್ಕೂ ಬಣ್ಣ ಬೇಕೆಂಬ ಹಟವೂ ಬೇಡ. ಒಮ್ಮೆ ಬಿದ್ರಿ ಹೂಜಿಯೊಂದನ್ನು ಬಿಡಿಸಿ, ಕಪ್ಪು ಸಪ್ಪೆಯೆನಿಸಿತೆಂದು ಮೈತುಂಬ ನೀಲಿ ಹಚ್ಚಿದೆ. ಪ್ಲಾಸ್ಟಿಕ್ ಕೊಡವಾಯಿತು! ಸತು-ತಾಮ್ರದ ಮಿಶ್ರಲೋಹಕ್ಕೆ ಬೀದರ್ ಕೋಟೆಯ ಮಣ್ಣು, ನವಸಾಗರವೆಂಬ ಲವಣ ತಿಕ್ಕಿ ಬರಿಸಿದ ಕಪ್ಪು ಅದು. ಬೆಳ್ಳಿಯ ಕುಸುರಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕಿಟಕಿಯ ಬೆಳಕು ಬಿದ್ದ ಅಂಚಿಗೆ ಚೂರು ನೀಲಿ ಇಟ್ಟಿದ್ದರೆ ಸಾಕಿತ್ತು. ಅಜ್ಜಿಯ ಬಿಳಿ ಕೂದಲನ್ನೂ ಹಾಗೆಯೇ ಬಿಡಿ.

ಕಲಬುರಗಿಯ ವಿದ್ಯಾರ್ಥಿ:
ಬೂದಿನ ಹಂತದಲ್ಲಿ ಅಚ್ಚ ಕಪ್ಪು, ಅಚ್ಚ ಬಿಳಿ ಬಳಸಬೇಡಿ, ಅಕ್ಕ. ಮೋಡ್ ‘ಓವರ್‌ಲೇ’ ಆಗಲಿ ‘ಕಲರ್’ ಆಗಲಿ, ಆ ಕಪ್ಪು-ಬಿಳಿಯ ಮೇಲೆ ಯಾವ ಬಣ್ಣವೂ ಹತ್ತುವುದಿಲ್ಲ. ನಮ್ಮೂರಿನಲ್ಲೇ 1916ರಲ್ಲಿ ಹುಟ್ಟಿದ ಚಿತ್ರಕಾರ ಎಸ್. ಎಂ. ಪಂಡಿತರ ಪೌರಾಣಿಕ ಚಿತ್ರವೊಂದನ್ನು ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಮಾಡಿ, ಪಕ್ಕದಲ್ಲಿ ಬಣ್ಣದ ಪ್ರತಿ ಇಟ್ಟುಕೊಂಡು ನೋಡಿ. ಯಾವ ಬಣ್ಣ ಎಷ್ಟು ಬೂದಾಗುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆಯೇ.

ಯಾದಗಿರಿಯಿಂದ, ನಾಲ್ಕು ದಿನಗಳ ನಂತರ:
ಸೀರೆಯ ಬೂದನ್ನು ತಿಳಿ ಮಾಡಿದ ಮೇಲೆ ಅದೇ ಹಳದಿ ಬೆಳಗಿತು. ಗ್ರೇಡಿಯಂಟ್ ಮ್ಯಾಪ್ ಮುಖಕ್ಕೆ ಒಗ್ಗಿತು, ನೆಲಕ್ಕೆ ಒಗ್ಗಲಿಲ್ಲ. ಕಲ್ಲು ಇಟ್ಟಿಗೆಯಂತಾಯಿತು, ಅಲ್ಲಿ ತೆಗೆದೆ. ಗಲ್ಲದ ಕೆಳಗಿನ ಹಳದಿಗೆ ಒಂದಲ್ಲ, ಎರಡು ಸಂಜೆ ಹಿಡಿದವು, ಅಣ್ಣ. ಚಿತ್ರವನ್ನು ಅಜ್ಜಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, “ಎಲ್ಲ ಸರಿಯಾಗಿದೆ, ನನ್ನ ಕಿವಿ ಹಿಂಡಿದವರು ಯಾರು?” ಎಂದು ಕೇಳಿದರು. ಕಿವಿಯ ಕೆಂಪನ್ನು ಅರ್ಧಕ್ಕೆ ಇಳಿಸಿದ್ದೇನೆ.