ಡೀಸೆಲ್ ಸ್ವಿಫ್ಟೋ ಪೆಟ್ರೋಲ್ ಸ್ವಿಫ್ಟೋ: ಪ್ರಶಾಂತನಿಗೆ ಮಾಮನ ಉತ್ತರ

ಪ್ರಶಾಂತ, ಸ್ವಲ್ಪ ಉದ್ದ ಆಗುತ್ತೆ, ಊಟ ಮುಗಿಸ್ಕೊಂಡು ನಿಧಾನಕ್ಕೆ ಕೇಳು. ಯಾವ್ದು ತಗೊಳ್ಳಲಿ ಅಂತ ನೀನು ಫ್ಯಾಮಿಲಿ ಗ್ರೂಪಲ್ಲಿ ಹಾಕಿರೋ ಎರಡೂ ಹಳೇ ಗಾಡಿ ನೋಡ್ದೆ. ಎರಡೂ 2016ರ ಸ್ವಿಫ್ಟು. ಪೆಟ್ರೋಲ್ ವಿಎಕ್ಸ್‌ಐ 62,000 ಓಡಿದೆ, 4 ಲಕ್ಷ 20 ಸಾವಿರ. ಡೀಸೆಲ್ ವಿಡಿಐ 1,18,000 ಓಡಿದೆ, 4 ಲಕ್ಷ 75 ಸಾವಿರ. ಅಂದ್ರೆ ಡೀಸೆಲ್‌ಗೆ 55,000 ಜಾಸ್ತಿ. ಅದರ ಕೆಳಗೆ ಭಾವ "ಡೀಸೆಲ್ ಲೀಟರ್‌ಗೆ 28 ಕಿಲೋಮೀಟರ್ ಕೊಡುತ್ತೆ, ಕಣ್ಣು ಮುಚ್ಕೊಂಡು ತಗೋ" ಅಂತ ಹಾಕಿದಾರೆ.

ಭಾವ, ಆ 28.4 ಅನ್ನೋದು 2018ರಲ್ಲಿ ಬಂತಲ್ಲ ಹೊಸ ಸ್ವಿಫ್ಟು, ಅದಕ್ಕೆ ಗಾಡಿ ಟೆಸ್ಟ್ ಮಾಡೋ ಎಆರ್‌ಎಐ ಸಂಸ್ಥೆ ಕೊಟ್ಟ ಲೆಕ್ಕ. 2016ರ ಗಾಡಿಗೆ ಕಂಪನಿ ಹೇಳಿದ್ದು ಡೀಸೆಲ್ 25.2, ಪೆಟ್ರೋಲ್ 20.4. ಅದೂ ಲ್ಯಾಬಲ್ಲಿ ರೋಲರ್ ಮೇಲೆ ಓಡಿಸಿ ತೆಗೆದಿದ್ದು. ಎಸಿ ಇಲ್ಲ, ಹಂಪ್ ಇಲ್ಲ, ಹಿಂದಿನ ಸೀಟಲ್ಲಿ ಮೂರು ಜನ ಇಲ್ಲ, ಡಿಕ್ಕೀಲಿ ಅಕ್ಕಿಮೂಟೆ ಇಲ್ಲ. ಮೈಸೂರ್ ಸಿಟೀಲಿ ಎಸಿ ಹಾಕ್ಕೊಂಡು ಓಡಿಸಿದ್ರೆ ಪೆಟ್ರೋಲ್‌ಗೆ 14, ಹಾಸನ ರೋಡಲ್ಲಿ 80ರ ಮೇಲೆ ಹೋಗದೆ ಇದ್ರೆ 18 ಹಿಡ್ಕೋ. ಡೀಸೆಲ್‌ಗೆ ಸಿಟೀಲಿ 18, ಹೈವೇಲಿ 22.

ಪೆಟ್ರೋಲ್‌ಗೆ ಯಾಕಿಷ್ಟು ಕಮ್ಮಿ ಹಿಡ್ದೆ ಅಂದ್ರೆ, ಈಗ ಬಂಕಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಎಥನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ. ಹಾಗಾಗಿ ಲೀಟರ್‌ಗೆ ಸುಮಾರು ನೂರಕ್ಕೆ 7ರಷ್ಟು ಶಕ್ತಿ ಅಲ್ಲೇ ಹೋಯ್ತು. 15 ಕೊಡ್ತಿದ್ದ ಗಾಡಿ 14 ಕೊಟ್ರೆ ಇಂಜಿನ್ ಕೆಟ್ಟಿದೆ ಅಂತ ಗಾಬರಿ ಆಗ್ಬೇಡ.

ಈಗ ನಿನ್ನ ಓಡಾಟ. ಆಫೀಸು 9 ಕಿಲೋಮೀಟರ್, ಹೋಗಿ ಬಂದು 18, ತಿಂಗಳಿಗೆ 24 ದಿನ ಅಂದ್ರೆ 432. ಮಾರ್ಕೆಟ್ಟು ದೇವಸ್ಥಾನ ಎಲ್ಲ ಸೇರಿ 500 ಅನ್ನು. ತಿಂಗಳಿಗೊಂದು ಸಲ ಹಾಸನ, ಹೋಗಿ ಬಂದು 240. ವರ್ಷಕ್ಕೆ ಸಿಟಿ 6,000, ಹೈವೇ 3,000. ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಅಂತ ಇಟ್ಕೊಂಡ್ರೆ ಪೆಟ್ರೋಲ್ ಗಾಡಿ 595 ಲೀಟರ್ ಕುಡಿಯುತ್ತೆ, 61,300 ರೂಪಾಯಿ. ಡೀಸೆಲ್ ಗಾಡಿ 470 ಲೀಟರ್, 42,800. ಉಳಿಯೋದು ವರ್ಷಕ್ಕೆ 18,500. ಇದರಲ್ಲಿ ಡೀಸೆಲ್ ಫಿಲ್ಟರ್ರು, ಸರ್ವೀಸ್ ಬಿಲ್ಲು, ದೊಡ್ಡ ಬ್ಯಾಟರಿ ಅಂತ ಮೂರು ನಾಲ್ಕು ಸಾವಿರ ತೆಗಿ. 55,000 ವಾಪಸ್ ಬರೋಕೆ ನಾಲ್ಕು ವರ್ಷ ಹತ್ರ ಬೇಕು. 2031ಕ್ಕೆ ಈ ಗಾಡಿ ಆರ್‌ಸಿಗೆ 15 ವರ್ಷ ತುಂಬುತ್ತೆ, ಎಫ್‌ಸಿ ಮಾಡಿಸಿ ರಿನ್ಯೂವಲ್ ಮಾಡಿಸ್ಬೇಕು. ದುಡ್ಡು ಗಿಟ್ಟೋ ಹೊತ್ತಿಗೆ ಗಾಡಿ ಮುದುಕ ಆಗಿರುತ್ತೆ. ಮಧ್ಯ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಒಂದು ಹೋದ್ರೆ ಅದೊಂದಕ್ಕೇ ಐದಂಕಿ ಬಿಲ್ಲು, ಒಳಗಿರೋದು ನಾಲ್ಕು.

ನಿಮ್ಮ ಚಿಕ್ಕಪ್ಪನ ಲೆಕ್ಕ ಬೇರೆ. ಅವ್ರು ದಿನಾ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರ್ತಾರೆ, 120 ಕಿಲೋಮೀಟರ್. ವರ್ಷಕ್ಕೆ 34,000 ದಾಟುತ್ತೆ. ಅವ್ರಿಗೆ ಆ 55,000 ಹೆಚ್ಚುಕಮ್ಮಿ ಒಂದೇ ವರ್ಷಕ್ಕೆ ವಾಪಸ್. ಅವ್ರು ಡೀಸೆಲ್ ತಗೊಂಡಿದ್ದು ಸರಿ, ಅವ್ರನ್ನ ನೋಡಿ ನೀನು ತಗೊಂಡ್ರೆ ತಪ್ಪು.

ಒಂದು ವಿಚಿತ್ರ ಗಮನಿಸು. ಡೀಸೆಲ್ ಹೈವೇಗೇ ಸರಿ ಅಂತಾರೆ, ಆದ್ರೆ ಕಿಲೋಮೀಟರ್ ಲೆಕ್ಕದಲ್ಲಿ ಜಾಸ್ತಿ ಉಳಿಸೋದು ಸಿಟೀಲೇ. ಇಲ್ಲಿ 2 ರೂಪಾಯಿ 30 ಪೈಸೆ, ಹೈವೇಲಿ 1 ರೂಪಾಯಿ 59 ಪೈಸೆ. ಯಾಕಂದ್ರೆ ಪೆಟ್ರೋಲ್ ಇಂಜಿನ್ ನಿಧಾನ ಹೋಗೋವಾಗ ಗಾಳಿ ಒಳಗೆ ಬಿಡೋ ಥ್ರಾಟಲ್ ಮುಚ್ಕೊಂಡು ಗಾಳಿಗೆ ಒದ್ದಾಡುತ್ತೆ, ಆ ಒದ್ದಾಟಕ್ಕೇ ಇಂಧನ ಸುಡುತ್ತೆ. ಡೀಸೆಲ್ ಗಾಳಿ ಪೂರ್ತಿ ಎಳ್ಕೊಂಡು ಡೀಸೆಲ್ ಮಾತ್ರ ಕಮ್ಮಿ ಚಿಮ್ಮಿಸುತ್ತೆ. ಆದ್ರೆ ಬರೀ 9 ಕಿಲೋಮೀಟರ್ ಓಡಿ ಆಫ್ ಮಾಡಿದ್ರೆ ಅದು ಸರಿಯಾಗಿ ಬಿಸಿಯಾಗೋ ಹೊತ್ತಿಗೆ ಆಫೀಸ್ ಬಂದಿರುತ್ತೆ. ಸ್ವಲ್ಪ ಹೊಗೆನ ವಾಪಸ್ ಇಂಜಿನ್‌ಗೆ ಬಿಡೋ ಇಜಿಆರ್ ವಾಲ್ವಲ್ಲಿ ಮಸಿ ಕಟ್ಕೊಳ್ಳುತ್ತೆ, ಪಿಕಪ್ ಹೋಗುತ್ತೆ, ಹೊಗೆ ಶುರು.

ಗ್ರೂಪಲ್ಲಿ ಸುಧಾ 2021ರ ಹ್ಯುಂಡೈ ವೆನ್ಯೂ ಡೀಸೆಲ್ ತಗೊಳ್ಳಲಾ ಅಂತ ಕೇಳಿದ್ಲಲ್ಲ, ಅಲ್ಲಿ ಈ ಮಸಿ ಕಾಟ ಇನ್ನೂ ಜೋರು. ಏಪ್ರಿಲ್ 2020ರ ನಂತರದ, ಬಿಎಸ್6 ಅನ್ನೋ ಹೊಗೆ ನಿಯಮದ ಡೀಸೆಲ್‌ಗಳಿಗೆ ಡಿಪಿಎಫ್ ಇರುತ್ತೆ, ಮಸಿ ಹಿಡಿಯೋ ಜಾಲರಿ. ಆ ಮಸಿ ಸುಡೋಕೆ ಒಳಗೆ 600 ಡಿಗ್ರಿ ಬರ್ಬೇಕು, ಅದಕ್ಕೆ ಒಂದೇ ಸಮ ಇಪ್ಪತ್ತು ನಿಮಿಷ ಹೈವೇ ಓಟ ಬೇಕು. ಸಿಟೀಲಿ ಮಸಿ ಸುಡೋದು ಅರ್ಧಕ್ಕೇ ನಿಂತ್ರೆ, ಸುಡೋಕೆ ಅಂತ ಜಾಸ್ತಿ ಬಿಟ್ಟ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತೆ. ಸುಧಾ, ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮ್ಯಾಕ್ಸ್ ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂತು ಅಂದ್ರೆ ಆ ಗಾಡಿ ಮುಟ್ಬೇಡ.

ಸರಿ ಪ್ರಶಾಂತ, ಇಷ್ಟು ಹೇಳಿದ್ರೂ ಡೀಸೆಲ್ಲೇ ಬೇಕು ಅಂದ್ರೆ ಹೀಗೆ ನೋಡು. ಇಂಜಿನ್ ಒಳ್ಳೇದೇ, ಫಿಯೆಟ್‌ದು 1.3 ಮಲ್ಟಿಜೆಟ್, ಟಾಟಾ ಗಾಡಿಗಳಲ್ಲೂ ಬಂದಿದ್ದಕ್ಕೆ ನ್ಯಾಷನಲ್ ಇಂಜಿನ್ ಅಂತಲೇ ಹೆಸರು. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿದ್ರೂ ಪಾರ್ಟ್ಸ್‌ಗೆ ತೊಂದರೆ ಇಲ್ಲ. ಬೆಳಿಗ್ಗೆ ಹೋಗು, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಮೊದಲೇ ಹೇಳು. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡು. ಬೆಚ್ಚಗಿದ್ರೆ ಏನೋ ಮುಚ್ಚಿಡ್ತಿದಾರೆ. ಸ್ಟಾರ್ಟ್ ಆದ್ಮೇಲೆ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ಅದೇ ತೂತಿನ ಮೇಲೆ ತಲೆಕೆಳಗಾಗಿ ಇಡು. ಸ್ವಲ್ಪ ಅಲ್ಲಾಡಿದ್ರೆ ಪರವಾಗಿಲ್ಲ. ಕುಣಿದು ಹಾರಿಬಿದ್ರೆ ಪಿಸ್ಟನ್ ರಿಂಗ್ ಸವೆದಿದೆ, ಅಲ್ಲಿಗೆ ಬಿಟ್ಟು ಬಾ. ಇಂಜೆಕ್ಟರ್ ಬುಡದಲ್ಲಿ ಟಾರ್ ಥರ ಕರೀ ಅಂಟು ಇದ್ರೆ ತಾಮ್ರದ ವಾಷರ್ ಸೋರ್ತಿದೆ. ಆಮೇಲೆ ಮೆಕ್ಯಾನಿಕ್ ಹತ್ರ ಲೀಕ್-ಆಫ್ ಟೆಸ್ಟ್ ಮಾಡಿಸು. ನಾಲ್ಕೂ ಇಂಜೆಕ್ಟರ್‌ನ ರಿಟರ್ನ್ ಪೈಪ್ ಬಿಚ್ಚಿ ನಾಲ್ಕು ಬಾಟ್ಲಿಗೆ ಬಿಟ್ಟು ಐದು ನಿಮಿಷ ಐಡ್ಲಿಂಗಲ್ಲಿ ಇಡ್ತಾರೆ. ನಾಲ್ಕರಲ್ಲೂ ಒಂದೇ ಮಟ್ಟ ನಿಲ್ಬೇಕು. ಒಂದು ಬಾಟ್ಲಿ ಬೇಗ ತುಂಬಿದ್ರೆ ಆ ಇಂಜೆಕ್ಟರ್ ಹೋಗಿದೆ, ಅದರ ದುಡ್ಡನ್ನ ರೇಟಲ್ಲೇ ಮುರಿಸ್ಕೊ. ಗಾಡಿ ಬಿಸಿ ಇದ್ದಾಗ ಸ್ಟಾರ್ಟ್ ಆಗೋಕೆ ತುಂಬಾ ಹೊತ್ತು ಸೆಲ್ಫ್ ಹೊಡೀಬೇಕಾದ್ರೂ ಅನುಮಾನ ಇದರ ಮೇಲೇ.

ಡೀಸೆಲ್ ಗಾಡಿ ಆರ್‌ಸಿ ಫೋಟೋ ನೋಡ್ದೆ, 2016ರ ಗಾಡಿಗೆ ಕೆಎ ಸೀರೀಸ್ ತೀರಾ ಹೊಸದು. ಅಂದ್ರೆ ಬೇರೆ ರಾಜ್ಯದಿಂದ ಬಂದು ಇಲ್ಲಿ ಮತ್ತೆ ರಿಜಿಸ್ಟರ್ ಆಗಿರ್ಬಹುದು. ದೆಹಲಿ ಮತ್ತು ಸುತ್ತಮುತ್ತ ಡೀಸೆಲ್‌ಗೆ ಹತ್ತು ವರ್ಷದ ಮಿತಿ ಹಾಕಿದ್ದಕ್ಕೆ ಅಂಥ ಗಾಡಿ ಎಷ್ಟೋ ಅಗ್ಗಕ್ಕೆ ಈ ಕಡೆ ಬಂದಿವೆ. ಇಲ್ಲಿ ಓಡಿಸೋಕೆ ಅಡ್ಡಿ ಇಲ್ಲ, ಆದ್ರೆ ಸರ್ವೀಸ್ ಹಿಸ್ಟರಿ ತೆಗೆಸದೆ ಆ 1,18,000ವನ್ನ ನಂಬ್ಬೇಡ. ಮೀಟರ್ ಹಿಂದಕ್ಕೆ ತಿರುಗಿಸೋದು ಅರ್ಧ ಗಂಟೆ ಕೆಲಸ.

ಪೆಟ್ರೋಲ್ ಗಾಡೀಲಿ ನೋಡೋದು ಕಮ್ಮಿ. ತಣ್ಣಗಿರೋವಾಗ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ ಬರ್ಬಾರ್ದು, ಇಂಜಿನ್ ಒಳಗಿನ ಟೈಮಿಂಗ್ ಚೈನ್ ಸದ್ದು ಎರಡು ಸೆಕೆಂಡಲ್ಲಿ ನಿಲ್ಬೇಕು. ಇ20ಗೆ ಮುಂಚಿನ ಗಾಡಿ ಆದ್ದರಿಂದ ಫ್ಯೂಯಲ್ ಪೈಪ್‌ನ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡು, ಪೆಟ್ರೋಲ್ ವಾಸನೆ ಬಂದ್ರೆ ಅದೇ. ಡಿಕ್ಕೀಲಿ ಸಿಎನ್‌ಜಿ ಸಿಲಿಂಡರ್ ಕೂರಿಸಿದ ಬೋಲ್ಟ್ ತೂತು ಕಂಡ್ರೆ ಬೇರೆ ಗಾಡಿ ಹುಡುಕು.

ಮೀಟರಲ್ಲಿ ಆವರೇಜ್ 21 ತೋರಿಸ್ತಿದೆ ಅಂತ ಗಾಡಿ ಮಾರೋನು ಹೇಳ್ದ ಅಂದ್ಯಲ್ಲ, ಅದನ್ನ ರೀಸೆಟ್ ಮಾಡಿ ಒಂದು ಸಲ ಹೈವೇಲಿ ನಿಧಾನ ಹೋಗ್ಬಂದ್ರೆ ಯಾವ ಗಾಡಿನೂ ಜಾಸ್ತಿನೇ ತೋರಿಸುತ್ತೆ. ತಗೊಂಡ್ಮೇಲೆ ನೀನೇ ಅಳಿ. ಬಂಕಲ್ಲಿ ಗನ್ ಮೊದಲ ಸಲ ಕಟ್ ಆಗೋವರೆಗೆ ತುಂಬಿಸು, ಟ್ರಿಪ್ ಸೊನ್ನೆ ಮಾಡು, 300 ಕಿಲೋಮೀಟರ್ ಓಡಿಸು, ಅದೇ ಬಂಕಲ್ಲಿ ಅದೇ ಗನ್ನಲ್ಲಿ ಮತ್ತೆ ಮೊದಲ ಕಟ್‌ಗೆ ನಿಲ್ಲಿಸು. 300ನ್ನ ಹಾಕಿಸಿದ ಲೀಟರಿಂದ ಭಾಗಿಸು. ಟೈರ್ ಗಾಳಿ ಡ್ರೈವರ್ ಬಾಗಿಲ ಹತ್ರದ ಸ್ಟಿಕ್ಕರಲ್ಲಿ ಇರೋ ಹಾಗೇ ಇರ್ಲಿ.

ಪೆಟ್ರೋಲ್ ಗಾಡಿಯವನಿಗೆ ನಾಳೆ ಫೋನ್ ಮಾಡಿ ಸರ್ವೀಸ್ ಹಿಸ್ಟರಿ ಕೇಳು. ಬಂದ್ರೆ ಗ್ರೂಪಲ್ಲಿ ಹಾಕು, ನೋಡ್ತೀನಿ. ಅಲ್ಲೀವರೆಗೂ ಅಡ್ವಾನ್ಸ್ ಕೊಡ್ಬೇಡ.